ಅನಿಲವನ್ನು ಅಳೆಯುವ ಬಗೆ

ಒಂದು ಸೇರು ಅಕ್ಕಿ ಬೇಸಿಗೆಯಲ್ಲಿಯೂ ಚಳಿಗಾಲದಲ್ಲಿಯೂ ಒಂದೇ ಸೇರು. ಅನಿಲದ ಸ್ವಭಾವ ಹಾಗಲ್ಲ. ಕಾಯಿಸಿದರೆ ಹಿಗ್ಗುತ್ತದೆ, ಒತ್ತಿದರೆ ಕುಗ್ಗುತ್ತದೆ. ಆದುದರಿಂದ ಉಷ್ಣತೆಯನ್ನೂ ಒತ್ತಡವನ್ನೂ ತಿಳಿಸದೆ ಅನಿಲದ ಗಾತ್ರವನ್ನು ಹೇಳಿದರೆ ಅದಕ್ಕೆ ಅರ್ಥವಿಲ್ಲ. ಇದಕ್ಕಾಗಿ ವಿಜ್ಞಾನಿಗಳು 0 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನೂ 760 ಮಿಲಿಮೀಟರ್ ಪಾದರಸದ ಒತ್ತಡವನ್ನೂ ಶಿಷ್ಟವೆಂದು ಇಟ್ಟುಕೊಂಡರು. 1982ರ ಅಂತರರಾಷ್ಟ್ರೀಯ ಶಿಫಾರಸು ಶಿಷ್ಟ ಒತ್ತಡವನ್ನು 1 ಬಾರ್ ಎಂದಿದೆ. ಇಲ್ಲಿ ಹಳೆಯ ರೂಢಿಯನ್ನೇ ಅನುಸರಿಸೋಣ.

27 ಡಿಗ್ರಿ ಉಷ್ಣತೆ ಹಾಗೂ 760 ಮಿಲಿಮೀಟರ್ ಒತ್ತಡದಲ್ಲಿ 300 ಮಿಲಿಲೀಟರ್ ಅನಿಲವಿದೆಯೆನ್ನಿ. 27ಕ್ಕೆ 273 ಕೂಡಿಸಿದರೆ 300 ಕೆಲ್ವಿನ್. ಒತ್ತಡ ಬದಲಾಗದಿದ್ದಾಗ ಗಾತ್ರವು ಕೆಲ್ವಿನ್ ಉಷ್ಣತೆಯ ಅನುಪಾತದಲ್ಲಿರುತ್ತದೆ. ಆದುದರಿಂದ 300 ಮಿಲಿಲೀಟರನ್ನು 273ರಿಂದ ಗುಣಿಸಿ 300ರಿಂದ ಭಾಗಿಸಬೇಕು. ಶಿಷ್ಟ ಸ್ಥಿತಿಯಲ್ಲಿ ಅದರ ಗಾತ್ರ 273 ಮಿಲಿಲೀಟರ್.

ಇಂತಹ ಲೆಕ್ಕದ ಬೆಲೆಯನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಗಾಳಿಯಿಂದ ಪಡೆದ ಸಾರಜನಕವು, ರಾಸಾಯನಿಕಗಳಿಂದ ಪಡೆದ ಅಷ್ಟೇ ಗಾತ್ರದ ಸಾರಜನಕಕ್ಕಿಂತ ನೂರಕ್ಕೆ ಸುಮಾರು ಅರ್ಧದಷ್ಟು ಹೆಚ್ಚು ತೂಗುವುದನ್ನು ಇಂಗ್ಲೆಂಡಿನ ಲಾರ್ಡ್ ರೇಲೀ ಅವರು ಕಂಡರು. ಉಷ್ಣತೆಯ ಅಳತೆಯಲ್ಲಿ ಒಂದೂವರೆ ಡಿಗ್ರಿ ತಪ್ಪಿದ್ದರೂ ಅಷ್ಟೇ ವ್ಯತ್ಯಾಸ ಬರುತ್ತಿತ್ತು. ಆದರೆ ಅವರು ಎರಡನ್ನೂ ಒಂದೇ ಸ್ಥಿತಿಗೆ ತಂದು ಹೋಲಿಸಿದ್ದರು. ಆದುದರಿಂದ ದೋಷ ಅಳತೆಯದಲ್ಲ, ಗಾಳಿಯಲ್ಲಿಯೇ ಬೇರೇನೋ ಇರಬೇಕೆಂಬ ಸಂದೇಹ ಬಲವಾಯಿತು. 1894ರಲ್ಲಿ ಅವರೂ ವಿಲಿಯಂ ರಾಮ್ಸೆಯವರೂ ಅದನ್ನು ಹುಡುಕಿ ತೆಗೆದರು. ಅದೇ ಆರ್ಗಾನ್.