ಒಂದು ರೈಲಿನ ದೂರ

ಬಂಗಾರಪೇಟೆ

ನಿನ್ನ ಕಾಗದದಲ್ಲಿ ಕ್ಷೇಮಸಮಾಚಾರಕ್ಕಿಂತ ಮನಸ್ಸಿನ ತಳಮಳವೇ ಹೆಚ್ಚಾಗಿ ಕಾಣಬಂದುದರಿಂದ ಈ ಉತ್ತರವನ್ನು ತುಸು ದೀರ್ಘವಾಗಿಯೇ ಬರೆಯುತ್ತಿದ್ದೇನೆ. ಕೋಲಾರದ ಚಿನ್ನದ ಗಣಿಪ್ರದೇಶದ ಚಾಂಪಿಯನ್ ರೀಫ್ಸಿನಲ್ಲಿ, ಗಣಿಕಾರ್ಮಿಕರ ಸಾಲುಮನೆಗಳಾದ ಲೈನುಗಳ ಒಂದು ಮನೆಯಲ್ಲಿ ಒಂಟಿಯಾಗಿರುವ ನಿನ್ನ ತಾಯಿಯವರು ಬಚ್ಚಲಿನಲ್ಲಿ ಎರಡನೆಯ ಸಲ ಜಾರಿ ಬಿದ್ದ ಮೇಲೆ, ಅವರನ್ನು ಹಿರಿಯರ ವಸತಿಗೃಹವೊಂದಕ್ಕೆ ಸೇರಿಸುವುದು ಧರ್ಮವೋ ಅಧರ್ಮವೋ ಎಂದು ಕೇಳಿದ್ದೀಯೆ. ಇದೇ ಪ್ರಶ್ನೆಯನ್ನು ಹೊತ್ತು ನಸುಕಿನ ರೈಲು ಹತ್ತುವವರು ನಮ್ಮ ಸೀಮೆಯಲ್ಲಿ ಅನೇಕರಿರುವುದರಿಂದ, ಅವರೂ ಓದಲೆಂದು ಇದನ್ನು ಪತ್ರಿಕೆಗೂ ಕೊಡುತ್ತಿದ್ದೇನೆ, ಕೋಪಿಸಿಕೊಳ್ಳಬೇಡ.

ಧರ್ಮಾಧರ್ಮದ ಮಾತನ್ನು ಎತ್ತುವವರು ಸಾಮಾನ್ಯವಾಗಿ ಪೂರ್ವಜರ ಹೆಸರನ್ನು ಹೇಳುತ್ತಾರೆ. ಆದರೆ ನಮ್ಮ ಪೂರ್ವಜರು ಮಾಡಿದುದೇನು? 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿ ಗಣಿಗಾರಿಕೆಗೆ ಕೈಹಚ್ಚಿದ ಬಳಿಕ ಚಿತ್ತೂರು, ಉತ್ತರ ಆರ್ಕಾಟು, ಸೇಲಂ ಸೀಮೆಗಳ ಹಳ್ಳಿಗಳಿಂದ ಹೊರಟುಬಂದ ಜನ, ಮಳೆಯಿಲ್ಲದ ಹೊಲವನ್ನೂ ಆ ಹೊಲದ ಬದುವಿನಲ್ಲಿ ಕುಳಿತಿದ್ದ ಮುದಿ ತಂದೆತಾಯಿಗಳನ್ನೂ ಹಿಂದೆ ಬಿಟ್ಟೇ ಬಂದವರು. ಅವರಿಗೆ ಮನೆಯನ್ನು ಕೊಟ್ಟುದು ಕಂಪನಿ. ಬೇತಮಂಗಲದಿಂದ ನೀರನ್ನು ತಂದುದು ಕಂಪನಿ. ಜ್ವರ ಬಂದರೆ ಆಸ್ಪತ್ರೆ, ಸಮಯಕ್ಕೆ ಸೈರನ್ನು, ಎಲ್ಲವೂ ಕಂಪನಿಯದೇ. ಪರರ ಸೂರಿನ ಕೆಳಗೆ ಪರರು ಹೊಡೆದ ಗಂಟೆಗೆ ಏಳುವುದು ಈ ಊರಿಗೆ ಹೊಸತಲ್ಲ. ಆದುದರಿಂದ ವೃದ್ಧಾಶ್ರಮವೆಂಬುದು ನಿನ್ನ ತಲೆಮಾರಿನವರು ಪರದೇಶದಿಂದ ತಂದ ಪಾಪವೆಂದು ಯಾರಾದರೂ ಅಂದರೆ ತಲೆ ತಗ್ಗಿಸಬೇಡ. ಬೆಂಗಳೂರಿನಲ್ಲಿಯೇ ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್ ಎಂಬ ಸನ್ಯಾಸಿನಿಯರು ಬಡವೃದ್ಧರಿಗಾಗಿ ದಾನವನ್ನು ಬೇಡಿತಂದು, ಶತಮಾನಕ್ಕೂ ಮಿಗಿಲಾದ ಕಾಲದಿಂದ ಅಂತಹದೊಂದು ಮನೆಯನ್ನು ನಡೆಸಿಕೊಂಡು ಬಂದಿದ್ದಾರೆ.

ಕೊನೆಗೆ ಈ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ನಮ್ಮಲ್ಲಿ ನಡೆದುದು ವಿಚಿತ್ರ. ದುಡಿಯುವ ವಯಸ್ಸಿನವರು 1894ರಿಂದ ಓಡುತ್ತಿರುವ ಮಾರಿಕುಪ್ಪಂ ಹಾದಿಯ ರೈಲು ಹಿಡಿದು ಬೆಂಗಳೂರಿಗೆ ಹೋಗತೊಡಗಿದರು; ಹಗಲಿನ ಹೊತ್ತು ಲೈನುಗಳಲ್ಲಿ ಉಳಿದವರು ಬಹುತೇಕ ವೃದ್ಧರು. ಹತ್ತಡಿಯ ಅಂತರದಲ್ಲಿ ಎದುರುಬದುರು ಬಾಗಿಲುಗಳು; ಬೆಳಗ್ಗೆ ಏಳಾದರೂ ಒಬ್ಬರ ಬಾಗಿಲು ತೆರೆಯದಿದ್ದರೆ ಎದುರುಮನೆಯಾಕೆ ಬಂದು ತಟ್ಟುವಳು; ಒಬ್ಬರ ಮಾತ್ರೆಯ ಹೊತ್ತು ಮತ್ತೊಬ್ಬರಿಗೆ ಬಾಯಿಪಾಠ. ಯಾರೂ ಫಲಕ ಹಾಕದೆ, ಯಾರೂ ಶುಲ್ಕ ವಸೂಲುಮಾಡದೆ, ಲೈನೇ ಒಂದು ವೃದ್ಧಾಶ್ರಮವಾಗಿ ಪರಿಣಮಿಸಿತು. ನಿನ್ನ ತಾಯಿಯವರು ಇಷ್ಟು ವರ್ಷ ನೆಮ್ಮದಿಯಿಂದಿದ್ದುದು ನೀನು ಕಳುಹಿಸಿದ ಹಣದ ಬಲದಿಂದ ಮಾತ್ರವೇ ಅಲ್ಲವೆಂಬುದನ್ನು ಮರೆಯಬೇಡ. ಆದರೆ ಈ ಚಿತ್ರಕ್ಕೆ ಬಣ್ಣ ಬಳಿಯುವುದೂ ನನಗೆ ಇಷ್ಟವಿಲ್ಲ. ಬಾಗಿಲು ತಟ್ಟುತ್ತಿದ್ದಾಕೆಗೂ ಈಗ ಎಂಬತ್ತಾಗಿದೆ. ಗಣಿಯೊಡನೆ ಗಣಿಯ ಆಸ್ಪತ್ರೆಯ ವೈಭವವೂ ಅಸ್ತಮಿಸಿತು. ಬೇಸಗೆಯ ಗಾಳಿಗೆ ಚಿನ್ನ ತೆಗೆದುಳಿದ ಮಣ್ಣಿನ ಸೈನೈಡ್ ದಿಬ್ಬದ ಧೂಳು ಇಂದಿಗೂ ಅಂಗಳಕ್ಕೆ ಬರುತ್ತದೆ.

ಇನ್ನು ನನ್ನ ಅಕ್ಕನ ವಿಷಯ. ನಿನಗೆ ಇದನ್ನು ಎಂದೂ ಪೂರ್ತಿಯಾಗಿ ಹೇಳಿರಲಿಲ್ಲ. ಭಾವನವರು ಕಾಲವಾದ ಬಳಿಕ ಅವಳ ಮಗ ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿದ್ದ ಒಂದು ವಸತಿಗೃಹವನ್ನು, ಅದರ ತೋಟವನ್ನೂ ಬಿಳಿಯ ಹಾಸಿಗೆಗಳನ್ನೂ ನೋಡಿ ಮೆಚ್ಚಿ, ಗೊತ್ತುಮಾಡಿದನು. ಊಟ ಶುಚಿಯಾಗಿತ್ತು, ವೈದ್ಯರು ವಾರಕ್ಕೊಮ್ಮೆ ಬರುತ್ತಿದ್ದರು. ಸುಳ್ಳು ದೂರು ಹೇಳಲಾರೆ. ಆದರೆ ಮನೆಯಲ್ಲಿ ಕನ್ನಡ, ಓಣಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಎಂದು ಮೂರು ಭಾಷೆಗಳಲ್ಲಿ ಜಗಳವಾಡಬಲ್ಲವಳಾಗಿದ್ದ ನನ್ನ ಅಕ್ಕ, ದೂರದ ರಾಜ್ಯಗಳಿಂದ ಬಂದ, ಹಿಂದಿಯನ್ನಲ್ಲದೆ ಬೇರೊಂದನ್ನರಿಯದ ಆಯಾಗಳ ನಡುವೆ ಮೂಕಿಯಾದಳು. ಮೊದಲ ಪಾಳಿಯ ಸೈರನ್ನಿಗೆ ಎದ್ದು ಗಂಡನಿಗೆ ಬುತ್ತಿ ಕಟ್ಟಿದ ಅಭ್ಯಾಸ ಅವಳದು. ಸೈರನ್ನು ನಿಂತು ಎಷ್ಟೋ ವರ್ಷಗಳಾಗಿದ್ದರೂ ನಾಲ್ಕೂವರೆಗೇ ಕಣ್ಣು ಬಿಡುತ್ತಿದ್ದಳು. ಅಲ್ಲಿ ಕಾಫಿ ಏಳು ಗಂಟೆಗೆ. ಆ ಎರಡೂವರೆ ಗಂಟೆಯ ಕಾಲ ಕತ್ತಲೆಯಲ್ಲಿ ಮಂಚದ ಅಂಚಿನಲ್ಲಿ ಕುಳಿತಿರುತ್ತಿದ್ದಳೆಂದು ನನಗೆ ತಿಳಿದುದು ಬಹಳ ತಡವಾಗಿ. ಅವಳ ಟ್ರಂಕಿನ ಬೀಗದ ಕೈಯನ್ನು ಭದ್ರತೆಗೆಂದು ಕಚೇರಿಯವರು ಇಟ್ಟುಕೊಂಡಿದ್ದರು. ತನ್ನ ಸೀರೆಯನ್ನು ತಾನೇ ಕೇಳಿ ಪಡೆಯಬೇಕಾಗಿತ್ತು.

ತಡವಾದುದೇಕೆಂದರೆ, ಇಲ್ಲಿಂದ ಅಲ್ಲಿಗೆ ಒಂದು ರೈಲು, ಎರಡು ಬಸ್ಸು, ಮೇಲೊಂದು ಆಟೋ. ಮೊದಲ ವರ್ಷ ನಾಲ್ಕು ಸಲ ಹೋದೆ, ಎರಡನೆಯ ವರ್ಷ ಒಂದು ಸಲ. ಮೂರನೆಯ ವರ್ಷ ಹೋದುದು ಅವಳ ಅಂತ್ಯಕ್ರಿಯೆಗೆ. ತಪ್ಪು ಯಾರದೆಂದು ನೀನು ಕೇಳಿದರೆ ಬೆರಳನ್ನು ಆ ಮನೆಯ ಕಡೆಗೆ ತೋರಿಸಲು ನನ್ನಿಂದಾಗದು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕಿಳಿದ ಗಣಿಯಲ್ಲಿ ಮೇಸ್ತ್ರಿಯಾಗಿದ್ದು, ಕಲ್ಲುಧೂಳಿನಿಂದ ಶ್ವಾಸಕೋಶ ಕೆಟ್ಟ ನನ್ನ ಗೆಳೆಯನೊಬ್ಬನು ತಾನಾಗಿಯೇ ಹುಡುಕಿ ಒಂದು ವಸತಿಗೃಹ ಸೇರಿದನು. ಅಲ್ಲಿ ಅವನಿಗೆ ರಾತ್ರಿಯ ಹೊತ್ತೂ ಆಮ್ಲಜನಕ ಸಿಗುತ್ತದೆ, ಇಸ್ಪೀಟಿಗೆ ಮೂವರು ಜೊತೆಗಾರರಿದ್ದಾರೆ, ಕೆಟ್ಟ ನಲ್ಲಿಗಳನ್ನೆಲ್ಲ ರಿಪೇರಿ ಮಾಡುವ ಅಧಿಕಾರವನ್ನು ಅವನೇ ವಹಿಸಿಕೊಂಡಿದ್ದಾನೆ. ಮಗನ ಮನೆಯಲ್ಲಿ ತಾನು ಅತಿಥಿಯಾಗಿದ್ದೆ, ಇಲ್ಲಿ ನಿವಾಸಿ ಎನ್ನುತ್ತಾನೆ. ಇವನಿಗೂ ನನ್ನ ಅಕ್ಕನಿಗೂ ಇದ್ದ ಅಂತರವು ತೋಟದ್ದಲ್ಲ, ಹಾಸಿಗೆಯದ್ದಲ್ಲ: ಅವನನ್ನು ಯಾರೂ ಕರೆದೊಯ್ದು ಬಿಡಲಿಲ್ಲ, ಮತ್ತು ಅವನ ವಸತಿಗೃಹ ಮಾಲೂರಿನ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದೆ.

ನೀನು ನೋಡುವುದಾದರೂ ಈ ರೈಲುಹಾದಿಯ ಮಗ್ಗುಲಲ್ಲಿಯೇ ನೋಡು, ಮಾಲೂರೋ ವೈಟ್‌ಫೀಲ್ಡೋ ಕೃಷ್ಣರಾಜಪುರವೋ. ಬಂಗಾರಪೇಟೆಯಿಂದ ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರು; ನೀನು ಹೇಗೂ ಹೋಗಿ ಬರುವ ದಾರಿ. ಸಂಜೆ ಒಂದು ನಿಲ್ದಾಣದಲ್ಲಿಳಿದು, ಹೇಳದೆ ಕೇಳದೆ ಒಳಗೆ ಹೋಗಿ, ಅರ್ಧ ಗಂಟೆ ಕುಳಿತು, ಮುಂದಿನ ರೈಲಿಗೆ ಬರುವಂತಿರಬೇಕು. ಹಾಗೆ ಹೇಳದೆ ಬರುವವರನ್ನು ಗೇಟಿನಲ್ಲಿ ತಡೆಯುವ ಮನೆಯಾದರೆ ಎಷ್ಟೇ ಸೊಗಸಾಗಿರಲಿ, ಹಿಂದಿರುಗಿಬಿಡು. ನೋಡುವುದಕ್ಕೆ ಹಗಲಿನಲ್ಲಿ ಹೋಗಬೇಡ, ರಾತ್ರಿ ಎಂಟರ ಮೇಲೆ ಹೋಗು. ರಾತ್ರಿಯ ಆಯಾ ಯಾವ ಭಾಷೆಯವಳು, ಎಷ್ಟು ಜನಕ್ಕೆ ಒಬ್ಬಳು ಎಂದು ವಿಚಾರಿಸು. ಠೇವಣಿಯನ್ನು ಯಾವ ಸಂದರ್ಭದಲ್ಲಿ ಎಷ್ಟು ದಿನಕ್ಕೆ ಹಿಂದಿರುಗಿಸುವರೆಂಬುದನ್ನು ಕರಾರಿನಲ್ಲಿ ಬರೆಸು. ಟ್ರಂಕಿನ ಬೀಗದ ಕೈ ತಾಯಿಯವರ ಸೆರಗಿನಲ್ಲಿಯೇ ಇರತಕ್ಕದ್ದು.

ರಾಬರ್ಟ್‌ಸನ್‌ಪೇಟೆಯಲ್ಲಿ ಬಾಡಿಗೆಗೆ ಕೊಟ್ಟಿರುವ ತಾಯಿಯವರ ಮನೆಯನ್ನು ಈಗಲೇ ದಾನಪತ್ರ ಮಾಡಿಕೊಡಬೇಕೆಂದು ನಿನ್ನ ಅಣ್ಣ ಒತ್ತಾಯಿಸುತ್ತಿರುವನಂತೆ. ಅವಸರ ಬೇಡವೆನ್ನು. ಮಾಡಿದರೂ, ತಾಯಿಯವರ ಪಾಲನೆಯ ಷರತ್ತನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಸತಕ್ಕದ್ದು. ಅಂತಹ ಷರತ್ತಿಗೆ ತಪ್ಪಿದರೆ 2007ರ ಹಿರಿಯ ನಾಗರಿಕರ ಪಾಲನೆಯ ಕಾಯಿದೆಯ 23ನೆಯ ಕಲಮಿನ ಪ್ರಕಾರ ಆ ದಾನವನ್ನು ರದ್ದುಪಡಿಸುವ ಅಧಿಕಾರ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಉಂಟು. ಅಣ್ಣನ ಮೇಲೆ ಸಂಶಯಪಟ್ಟು ಹೇಳುತ್ತಿಲ್ಲ. ನಿನ್ನ ಮೇಲೆಯೂ ನನಗೆ ಅಷ್ಟೇ ವಿಶ್ವಾಸ, ಅಷ್ಟೇ ಎಚ್ಚರ.

ನಿನ್ನ ನಾಲ್ಕು ಹಾಳೆಯ ಕಾಗದವನ್ನು ಎರಡು ಸಲ ಓದಿದೆ. ನಿನ್ನ ಹೆಂಡತಿಯ ಅಭಿಪ್ರಾಯವಿದೆ, ಅಣ್ಣನ ಅಭಿಪ್ರಾಯವಿದೆ, ಡಾಕ್ಟರರ ಅಭಿಪ್ರಾಯವೂ ಇದೆ. ನಿನ್ನ ತಾಯಿಯವರು ಏನೆಂದರೆಂಬುದು ಎಲ್ಲಿಯೂ ಕಾಣಲಿಲ್ಲ. ಬರುವ ಭಾನುವಾರ ಲೈನಿಗೆ ಹೋಗಿ ಈ ಪತ್ರವನ್ನು ಅವರಿಗೆ ಓದಿ ಹೇಳು. ಅವರಿಗೆ ಒಪ್ಪಿಗೆಯಿಲ್ಲದ ಸಾಲುಗಳ ಕೆಳಗೆ ಗೆರೆ ಎಳೆದು ನನಗೆ ಹಿಂದಕ್ಕೆ ಕಳುಹಿಸಿಕೊಡು.

ಇತಿ, ನಿನ್ನ ಹಿತೈಷಿ,
ಬಂಗಾರಪೇಟೆಯ ಮೇಷ್ಟ್ರು