ಮಾಳಿಗೆಯನ್ನು ತೆರೆದ ನಂಬಿಕೆ

(ಪಾಠಭಾಗ: ಮಾರ್ಕ 2:1–12, 10:46–52)



ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯವರಿಗೆ ಮಾಳಿಗೆಮನೆಯನ್ನು ವಿವರಿಸಬೇಕಾದದ್ದಿಲ್ಲ. ತೊಲೆಗಳ ಮೇಲೆ ಜಂತೆ, ಅದರ ಮೇಲೆ ಸೊಪ್ಪುಕಡ್ಡಿ, ಎಲ್ಲಕ್ಕೂ ಮೇಲೆ ಮಣ್ಣು. ಕಪೆರ್ನೌಮಿನ ಮನೆಯೂ ಬಹುಮಟ್ಟಿಗೆ ಇಂಥದೇ. ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಜನಸಂದಣಿಯಿಂದ ಬಾಗಿಲು ಸಿಕ್ಕದೆ, ಮಾಳಿಗೆಯನ್ನು ಅಗೆದು, ಅವನನ್ನು ಯೇಸುವಿನ ಮುಂದೆ ಇಳಿಸಿದರು. ಪರರ ಮಾಳಿಗೆಯನ್ನು ಅಗೆಯುವದು ಎಂಥ ಧೈರ್ಯದ ಕೆಲಸವೆಂಬದು ನಮಗೆ ಸುಲಭವಾಗಿ ತಿಳಿಯುವದು.

1. ಅಡ್ಡಿಯಾದವರು ಯಾರು? ವೈರಿಗಳಲ್ಲ, ಉಪದೇಶ ಕೇಳಲು ಬಂದ ಜನರೇ. ಅವರು ರೋಗಿಯನ್ನು ಹೊರಗೆ ತಳ್ಳಲಿಲ್ಲ. ದಾರಿ ಬಿಡಲಿಲ್ಲ, ಅಷ್ಟೇ. ನಮ್ಮ ಸಭೆಗಳಲ್ಲಿಯೂ ಹೀಗಾಗುವದುಂಟು. ಬರಬೇಡವೆಂದು ಯಾರೂ ಹೇಳುವದಿಲ್ಲ. ನಡೆಯಲಾರದವನಿಗೆ ದೇವಾಲಯದ ಮೆಟ್ಟಲುಗಳೇ ಹಾಗೆ ಹೇಳುವವು.

2. ಯೇಸು ಕಂಡದ್ದೇನು? ಹೊತ್ತು ತಂದವರ ನಂಬಿಕೆಯನ್ನು. ಮನೆಯವರು ಸಿಟ್ಟಾಗಬಹುದೆಂದು ಅವರಿಗೆ ತಿಳಿಯದಿರಲಿಲ್ಲ. ಆದರೂ ಒಳಗಿರುವಾತನು ತಮ್ಮನ್ನು ತಳ್ಳಿಬಿಡನೆಂಬ ಭರವಸವು ಆ ಭಯಕ್ಕಿಂತ ದೊಡ್ಡದಾಗಿತ್ತು. ಮಾಳಿಗೆ ಕೆಟ್ಟಿತೆಂದು ಆತನು ಗದರಿಸಿದ ಮಾತು ಸುವಾರ್ತೆಯಲ್ಲಿಲ್ಲ. ಸಭೆಯ ಕೂಟದಲ್ಲಿ ತನ್ನ ಮಗುವಿಗಾಗಿ ಎದ್ದು ಮಾತಾಡಬೇಕಾದ ತಾಯಿಗೆ ಬೇಕಾದ ಧೈರ್ಯವು ಇದೇ. ಹುಟ್ಟುಕುರುಡನ ವಿಷಯದಲ್ಲಿ ಅವನಾಗಲಿ ಅವನ ತಂದೆತಾಯಿಗಳಾಗಲಿ ತಪ್ಪಿತಸ್ಥರಲ್ಲವೆಂದು ಆತನು ತಿಳಿಸಿದ್ದಾನೆ (ಯೋಹಾನ 9:3). ಆದಕಾರಣ ಮಗುವನ್ನು ನಾಚಿಕೆಯಿಂದ ಮರೆಮಾಡುವ ಅವಶ್ಯವಿಲ್ಲ.

3. ಮಾತಾಡತಕ್ಕವರು ಯಾರು? ಕುರುಡನಾದ ಬಾರ್ತಿಮಾಯನನ್ನು ಸುಮ್ಮನಿರೆಂದು ಗದರಿಸಿದವರೂ ಗುಂಪಿನವರೇ. ಯೇಸುವಾದರೋ ನಿಂತು, ಅವನನ್ನು ಕರೆಯಿಸಿ, ಏನು ಬೇಕೆಂದು ಅವನನ್ನೇ ಕೇಳಿದನು. ಅಂಗವೈಕಲ್ಯವುಳ್ಳವರ ಪಕ್ಷವಾಗಿ ನಿಲ್ಲುವದೆಂದರೆ ಅವರ ಮಾತಿಗೆ ಸ್ಥಳ ಮಾಡಿಕೊಡುವದೇ.

ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸರು 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನವು, ದೊಡ್ಡವರು ಮಾತ್ರವಲ್ಲ, ಸಣ್ಣವರೂ ಪ್ರಯತ್ನದಿಂದ ಉತ್ತಮ ಫಲವನ್ನು ಹೊಂದಬಹುದೆಂದು ಸಾರುವದು. ನಮ್ಮ ದೇಶದ 2016ರ ಅಂಗವೈಕಲ್ಯವುಳ್ಳವರ ಹಕ್ಕುಗಳ ಕಾಯಿದೆಯು ಸಾರ್ವಜನಿಕ ಕಟ್ಟಡಗಳಲ್ಲಿ ಧಾರ್ಮಿಕ ಕಾರ್ಯಗಳಿಗೆ ಬಳಸುವ ಕಟ್ಟಡಗಳನ್ನೂ ಸೇರಿಸಿದೆ. ಬಂಡೆಯೂ ಕಾಯಿದೆಯೂ ಇಷ್ಟು ಹೇಳುವಾಗ ಸಭೆಯು ಹಿಂದುಳಿಯಬಹುದೋ?

ಒಬ್ಬರೇ ಹೊರಲಾರದ ಹಾಸಿಗೆಯನ್ನು ನಾಲ್ವರು ಹೊತ್ತರು. ಆದಕಾರಣ ನಾವು ಮೊದಲು ಮೂವರು ಜೊತೆಗಾರರನ್ನು ಹುಡುಕೋಣ. ಅನಂತರ ಸಭಾಪಾಲಕರನ್ನೂ ಹಿರಿಯರನ್ನೂ ವಿನಯದಿಂದ ಕಂಡು ಕೇಳೋಣ. ಮೆಟ್ಟಲುಗಳ ಪಕ್ಕದಲ್ಲಿ ಇಳಿಜಾರು ದಾರಿ, ಕುಳಿತಲ್ಲಿಗೇ ತರುವ ಕರ್ತನ ಭೋಜನ, ಕಿವುಡರಿಗೆ ಸಂಜ್ಞಾಭಾಷೆ, ನಿಧಾನವಾಗಿ ಕಲಿಯುವ ಮಗುವಿಗೂ ಭಾನುವಾರದ ಶಾಲೆಯಲ್ಲಿ ಸ್ಥಳ: ಇವು ಮಾಳಿಗೆಯನ್ನು ಅಗೆಯುವಷ್ಟು ಕಷ್ಟದವುಗಳಲ್ಲ.

ಮನೆಯಲ್ಲಿ ಆಲೋಚಿಸತಕ್ಕ ಪ್ರಶ್ನೆಗಳು

1. ನಮ್ಮ ಸಭೆಗೆ ಬರಲಾರದೆ ಇರುವವರು ಯಾರು? ಅವರನ್ನು ತಡೆದದ್ದೇನು?

2. ಅವರಿಗೆ ಏನು ಬೇಕೆಂದು ಅವರನ್ನೇ ಕೇಳಿದ್ದೇವೋ?

3. ಆ ನಾಲ್ವರಲ್ಲಿ ನಾವೂ ಒಬ್ಬರಾಗುವೆವೋ?