ಎರಡು ಆಟ, ಒಂದೇ ಜೂನ್

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಪಿಯುಸಿಗೆ ಸೇರುವವರೆಗಿನ ಕೆಲವು ವಾರ ನಮ್ಮ ಕಡೆಯ ಆಟಗಾರ ಮಕ್ಕಳಿಗೆ ಬಹಳ ಇಕ್ಕಟ್ಟಿನ ಕಾಲ. ನಾನು ಸಾಗರ ತಾಲ್ಲೂಕಿನಲ್ಲಿ ದೈಹಿಕ ಶಿಕ್ಷಕ, ಮನೆ ಹೊನ್ನೆಮರಡಿನಲ್ಲಿ. ಹೊರಗಿನವರಿಗೆ ಹೊನ್ನೆಮರಡು ಎಂದರೆ ಲಿಂಗನಮಕ್ಕಿ ಹಿನ್ನೀರಿನ ಮೇಲೆ ಕಯಾಕಿಂಗ್ ಕಲಿಸುವ ಜಾಗ. ನನಗೆ ಅದು ಈಜು, ತೆಪ್ಪ, ವಾಲಿಬಾಲ್, ಕಬಡ್ಡಿ ಎಲ್ಲವನ್ನೂ ಒಟ್ಟಿಗೇ ಆಡಿಕೊಂಡು ಬೆಳೆಯುವ ಮಕ್ಕಳ ಊರು. ಹುಟ್ಟು ಹಾಕಿ ಗಟ್ಟಿಯಾದ ಭುಜ ವಾಲಿಬಾಲ್ ನೆಟ್ಟಿನ ಮುಂದೆ ಕೆಲಸಕ್ಕೆ ಬರುತ್ತದೆ, ಬ್ಲಾಕಿಗೆ ಹಾರಿ ಇಳಿದು ಪಳಗಿದ ಕಾಲು ಕಬಡ್ಡಿ ಅಂಗಳದಲ್ಲಿ ಕೆಲಸಕ್ಕೆ ಬರುತ್ತದೆ. ಹದಿನಾರರವರೆಗೆ ಒಂದೇ ಆಟಕ್ಕೆ ಕಟ್ಟಿಹಾಕಬೇಡಿ ಎಂದು ನಾನು ಪೋಷಕರಿಗೆ ಹೇಳುತ್ತಲೇ ಬಂದಿದ್ದೇನೆ. ಆದರೆ ಹದಿನಾರು ತುಂಬಿದ ಕೂಡಲೇ ಯಾರಾದರೂ ಬಂದು, ಇದಾ ಅದಾ ಹೇಳು ಎಂದು ಕೇಳೇ ಕೇಳುತ್ತಾರೆ.

ಹಾಗೆ ಕೇಳಿಸಿಕೊಂಡ ಒಬ್ಬ ಹುಡುಗ ಹಿನ್ನೀರಿನ ಆಚೆ ದಡದವನು. ಆಗ ಸಿಗಂದೂರು ಸೇತುವೆ ಇರಲಿಲ್ಲ, ಅದು ತೆರೆದದ್ದು 2025ರ ಜುಲೈನಲ್ಲಿ. ಸಂಜೆ ಅಭ್ಯಾಸಕ್ಕೆ ನಿಂತರೆ ಕೊನೆಯ ಲಾಂಚ್ ತಪ್ಪುತ್ತಿತ್ತು, ಅದಕ್ಕೇ ಈಚೆ ದಡದ ಸೋದರಮಾವನ ಮನೆಯಲ್ಲಿ ಉಳಿದು ಓದಿದ. ಕಬಡ್ಡಿಯಲ್ಲಿ ಒಳ್ಳೆಯ ರೈಡರ್, ವಾಲಿಬಾಲಿನಲ್ಲಿ ಎಡಗೈ ಅಟ್ಯಾಕರ್. ಒಂದು ಖಾಸಗಿ ಕಬಡ್ಡಿ ಅಕಾಡೆಮಿ ಊಟ, ವಸತಿ, ತಿಂಗಳಿಗಿಷ್ಟು ಕೈಖರ್ಚು ಕೊಡುತ್ತೇವೆ, ಮೂರು ವರ್ಷ ನಮ್ಮಲ್ಲೇ ಇರಬೇಕು ಎಂದಿತು. ಅದೇ ಹೊತ್ತಿಗೆ ಕರಾವಳಿಯ ಒಂದು ಕಾಲೇಜು ವಾಲಿಬಾಲಿಗಾಗಿ ಕ್ರೀಡಾ ಹಾಸ್ಟೆಲಿನಲ್ಲಿ ಉಚಿತ ಸೀಟು ಕೊಡಲು ಒಪ್ಪಿತು.

ಅವನ ಅಪ್ಪ ನಮ್ಮ ಜಗುಲಿಯಲ್ಲಿ ಕೂತು ಕೇಳಿದ್ದು ಇಷ್ಟೇ: "ಮೇಷ್ಟ್ರೇ, ಇಂವ ಯಾವ್ದರಲ್ಲಿ ಜೋರಿದಾನೆ ಹೇಳಿ, ಅದಕ್ಕೇ ಹಾಕ್ತೀನಿ."

ಎಲ್ಲ ಅಪ್ಪಂದಿರೂ ಕೇಳುವುದು ಇದನ್ನೇ. ಇಷ್ಟು ವರ್ಷ ಮಕ್ಕಳನ್ನು ಕಳಿಸಿ ನಾನು ಕಲಿತದ್ದು ಏನೆಂದರೆ, ಹುಡುಗ ಯಾವುದರಲ್ಲಿ ಜೋರು ಅನ್ನುವುದಕ್ಕಿಂತ ಯಾವ ದಾರಿ ಅವನಿಗಾಗಿ ಕಾಯುತ್ತದೆ, ಯಾವುದು ಕಾಯುವುದಿಲ್ಲ ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು.

ಅಮೆರಿಕದಲ್ಲಿ ಈ ಪ್ರಶ್ನೆಗೆ ಬರೆದಿಟ್ಟ ನಿಯಮಗಳೇ ಇವೆ. ಅಲ್ಲಿ ಹೈಸ್ಕೂಲು ಮುಗಿಸಿದ ಹುಡುಗನನ್ನು ಬೇಸ್‌ಬಾಲ್ ತಂಡ ನೇರವಾಗಿ ಆರಿಸಿ ಹಣ ಕೊಡಬಹುದು. ಅವನು ಬೇಡವೆಂದು ನಾಲ್ಕು ವರ್ಷದ ಕಾಲೇಜಿಗೆ ಸೇರಿದರೆ ಮೂರನೇ ವರ್ಷ ಮುಗಿದ ಮೇಲೆ ಅಥವಾ 21 ತುಂಬಿದ ಮೇಲೆ ಮತ್ತೆ ಆರಿಸಬಹುದು. ಅವರ ಫುಟ್‌ಬಾಲ್ ಹಾಗಲ್ಲ. ಹೈಸ್ಕೂಲು ಬಿಟ್ಟು ಮೂರು ವರ್ಷವಾಗುವವರೆಗೆ ವೃತ್ತಿಪರ ಲೀಗಿಗೆ ಪ್ರವೇಶವೇ ಇಲ್ಲ, ಆದ್ದರಿಂದ ಕಾಲೇಜು ತಂಡವೇ ದಾರಿ. ಕೈಲರ್ ಮರ್ರಿ ಎಂಬ ಆಟಗಾರ ಕಾಲೇಜಿನಲ್ಲಿದ್ದಾಗ, 2018ರಲ್ಲಿ ಓಕ್ಲಂಡ್ ಬೇಸ್‌ಬಾಲ್ ತಂಡ ಅವನನ್ನು ಒಂಬತ್ತನೆಯವನಾಗಿ ಆರಿಸಿ 46 ಲಕ್ಷ ಡಾಲರಿಗೂ ಹೆಚ್ಚು ಕೊಡಲು ಒಪ್ಪಿತು. ಆದರೂ ಅವನು ಇನ್ನೊಂದು ವರ್ಷ ಕಾಲೇಜು ಫುಟ್‌ಬಾಲ್ ಆಡಿ, 2019ರಲ್ಲಿ ಫುಟ್‌ಬಾಲ್ ಲೀಗಿನ ಮೊಟ್ಟಮೊದಲ ಆಯ್ಕೆಯಾದ. ಅಂಥ ಪ್ರತಿಭೆ ಎಲ್ಲರಿಗೂ ಇರುವುದಿಲ್ಲ. ಆದರೆ ಯಾವ ದಾರಿ ಎಷ್ಟು ಕಾಲ ತೆರೆದಿರುತ್ತದೆ ಎಂಬ ಲೆಕ್ಕ ಅಲ್ಲಿಯ ಸಾಧಾರಣ ಹುಡುಗನಿಗೂ ಗೊತ್ತಿರುತ್ತದೆ. ನಮ್ಮ ಮಕ್ಕಳಿಗೆ ಆ ಲೆಕ್ಕವನ್ನು ನಾವೇ ಕೂತು ಹಾಕಿಕೊಡಬೇಕು.

ಆ ಹುಡುಗನ ಲೆಕ್ಕ ಹೀಗಿತ್ತು. ಪ್ರೊ ಕಬಡ್ಡಿ 2014ರಲ್ಲಿ ಶುರುವಾಯಿತು. 2018ರ ಹರಾಜಿನಲ್ಲಿ ಮೋನು ಗೋಯತ್‌ಗೆ 1.51 ಕೋಟಿ, 2023ರಲ್ಲಿ ಪವನ್ ಸೆಹ್ರಾವತ್‌ಗೆ 2.6 ಕೋಟಿ ಬಂತು. ಹಳ್ಳಿಯ ಅಂಗಡಿ ಕಟ್ಟೆಯಲ್ಲಿ ಓಡಾಡುವುದು ಈ ಅಂಕಿಗಳೇ. ಆದರೆ ಹರಾಜಿನ ಪಟ್ಟಿಗೆ ಬಂದವರಲ್ಲೂ ಬಹಳಷ್ಟು ಜನರನ್ನು ಯಾರೂ ಕೊಳ್ಳುವುದಿಲ್ಲ, ಪಟ್ಟಿಗೇ ಬಾರದವರು ಇನ್ನೆಷ್ಟೋ. ಇನ್ನೊಂದು ಕಡೆ, ರೈಡರ್ ಇಪ್ಪತ್ತರಲ್ಲೂ ಟ್ರಯಲ್ಸಿಗೆ ಹೋಗಬಹುದು. ಕ್ರೀಡಾ ಹಾಸ್ಟೆಲಿನ ಪಿಯುಸಿ ಸೀಟು ಹದಿನಾರಕ್ಕೆ ಮಾತ್ರ ಸಿಗುತ್ತದೆ. ಓದು ಬಿಟ್ಟು ಮೂರು ವರ್ಷದ ನಂತರ ಹಿಂದಿರುಗಿದ ಹುಡುಗನಿಗೆ ಆ ಸೀಟು ಕೊಡುವವರು ಯಾರೂ ಇಲ್ಲ. ಹಿಂದೆ ಚೆನ್ನಾಗಿ ಆಡಿದರೆ ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ಕೆಲಸ ಸಿಗುತ್ತದೆ ಎಂಬ ಧೈರ್ಯವಿತ್ತು. ಹಾಗೆ ಕೆಲಸ ಕೊಡುತ್ತಿದ್ದ ವಿಜಯಾ ಬ್ಯಾಂಕೇ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ಆ ಧೈರ್ಯ ಈಗ ಮೊದಲಿನಷ್ಟಿಲ್ಲ.

ಎರಡನೆಯ ಪಾಠ ಕಾಗದದ್ದು. ಅಕಾಡೆಮಿಯ ಕರಾರು ಪತ್ರ ಇಂಗ್ಲಿಷಿನಲ್ಲಿತ್ತು. ಅದನ್ನು ಜಗುಲಿಯ ಮೇಲೆ ಹರಡಿಕೊಂಡು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಗಾಯದ ವಿಷಯ ಒಂದೇ ಒಂದು ವಾಕ್ಯದಲ್ಲಿತ್ತು: ಶಿಬಿರದಲ್ಲಿ ಪ್ರಥಮ ಚಿಕಿತ್ಸೆ ನಮ್ಮದು. ಕಬಡ್ಡಿಯಲ್ಲಿ ಮೊದಲು ಹೋಗುವುದು ಮಂಡಿ. ಲಿಗಮೆಂಟ್ ಹರಿದರೆ ಶಸ್ತ್ರಚಿಕಿತ್ಸೆ, ಮತ್ತೆ ಅಂಗಳಕ್ಕೆ ಇಳಿಯಲು ಒಂಬತ್ತು ತಿಂಗಳಾದರೂ ಬೇಕು. ಆ ಖರ್ಚು ಯಾರದು, ಆ ತಿಂಗಳುಗಳ ಊಟ-ವಸತಿ ಯಾರದು, ಮೂರು ವರ್ಷದೊಳಗೆ ಬಿಟ್ಟು ಬಂದರೆ ದಂಡವುಂಟೇ? ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಹುಡುಗನ ಕೈಯಿಂದಲೇ ಫೋನು ಮಾಡಿಸಿದೆ. ಕಾಲೇಜಿಗೂ ಮಾಡಿಸಿದೆ, ಯಾಕೆಂದರೆ ಅಲ್ಲಿಯೂ ಕೇಳುವುದಿತ್ತು: ಉಚಿತ ಸೀಟು ಎರಡು ವರ್ಷಕ್ಕೋ, ವರ್ಷವರ್ಷ ನವೀಕರಿಸಬೇಕೋ? ತಂಡದಿಂದ ಕೈಬಿಟ್ಟರೆ ಹಾಸ್ಟೆಲ್ ಬಿಡಬೇಕೋ? ಪಂದ್ಯಕ್ಕೆ ಹೋದ ದಿನಗಳ ಹಾಜರಾತಿ ಹೇಗೆ? ಹದಿನಾರರ ಹುಡುಗ ಇಷ್ಟನ್ನು ತಾನೇ ಕೇಳಿದಾಗ ಆಚೆ ಕಡೆಯವರ ದನಿಯೇ ಬದಲಾಗುತ್ತದೆ. ಅದನ್ನು ನಾನು ಪಕ್ಕದಲ್ಲಿ ಕೂತು ಕೇಳಿದ್ದೇನೆ.

ಅಕಾಡೆಮಿಯ ಟ್ರಯಲ್ಸ್ ನಡೆದದ್ದು ಮ್ಯಾಟ್ ಮೇಲೆ. ನಮ್ಮ ಮಕ್ಕಳು ಆಡುವುದು ಮಣ್ಣಿನಲ್ಲಿ, ಬರಿಗಾಲಲ್ಲಿ. ಜೂನಿನಿಂದ ಮಳೆ ಹಿಡಿದರೆ ಆ ಮಣ್ಣೂ ಇಲ್ಲ, ಶಾಲೆಯ ಜಗುಲಿಯಲ್ಲಿ ಬಸ್ಕಿ ಹೊಡೆಯುವುದೇ ಅಭ್ಯಾಸ. ಮ್ಯಾಟಿನ ಶೂ ಹಾಕಿದ ಮೊದಲ ದಿನ ಕಾಲು ಅಂಟಿಕೊಂಡಂತಾಗಿ ತಿರುಗುವಾಗ ಮಂಡಿ ತಿರುಚಿಕೊಳ್ಳುತ್ತದೆ. ಹಾಗಾಗಿ ಟ್ರಯಲ್ಸಿಗೆ ಹೋಗುವ ಮುಂಚೆ ಸಾಗರದಲ್ಲೋ ಶಿವಮೊಗ್ಗದಲ್ಲೋ ಮ್ಯಾಟ್ ಎಲ್ಲಿದೆ ಎಂದು ಹುಡುಕಿ ಕೆಲವು ದಿನವಾದರೂ ಆಡಿಸುವುದು ಈಗ ನನ್ನ ರೂಢಿ. ಹೊಸನಗರ, ತೀರ್ಥಹಳ್ಳಿಯ ಸಹೋದ್ಯೋಗಿಗಳಿಗೂ ಇದನ್ನೇ ಹೇಳುತ್ತೇನೆ.

ಆಯ್ಕೆ ಸರಿಯೋ ತಪ್ಪೋ ಎಂದು ಫಲದಿಂದ ಅಳೆಯುವುದು ಅನ್ಯಾಯ. ಈ ಮಾತು ಬಂದಾಗ ಮಕ್ಕಳಿಗೆ ಮದ್ರಾಸಿನ ಎಂ.ಜೆ. ಗೋಪಾಲನ್ ಅವರ ಕಥೆ ಹೇಳುತ್ತೇನೆ. 1934ರ ನವೆಂಬರ್ 4ರಂದು ನಮ್ಮ ಮೈಸೂರು ತಂಡದ ವಿರುದ್ಧ ರಣಜಿ ಟ್ರೋಫಿಯ ಮೊತ್ತಮೊದಲ ಚೆಂಡು ಎಸೆದವರು ಅವರೇ. ಹಾಕಿಯಲ್ಲೂ ಅಷ್ಟೇ ಗಟ್ಟಿಗರು, 1935ರಲ್ಲಿ ಧ್ಯಾನ್‌ಚಂದ್ ಜೊತೆ ನ್ಯೂಜಿಲೆಂಡಿಗೆ ಹೋಗಿ ಬಂದವರು. 1936ರಲ್ಲಿ ಒಂದು ಕಡೆ ಬರ್ಲಿನ್ ಒಲಿಂಪಿಕ್ಸ್ ಹಾಕಿ, ಇನ್ನೊಂದು ಕಡೆ ಇಂಗ್ಲೆಂಡಿಗೆ ಕ್ರಿಕೆಟ್ ಪ್ರವಾಸ. ಅವರು ಕ್ರಿಕೆಟ್ ಆರಿಸಿಕೊಂಡರು. ಆ ಪ್ರವಾಸದಲ್ಲಿ ಒಂದು ಟೆಸ್ಟನ್ನೂ ಆಡಲಿಲ್ಲ, ಹಾಕಿ ತಂಡ ಚಿನ್ನ ಗೆದ್ದು ಬಂತು. ಹಡಗು ಹತ್ತುವ ದಿನ ಇದು ಯಾರಿಗೆ ಗೊತ್ತಿತ್ತು? ಪೆಚ್ಚಾಗಿ ಬಂದ ಮಕ್ಕಳನ್ನು ಊರವರು "ಅದನ್ನೇ ಆಡಿದ್ರೆ ಆಗ್ತಿತ್ತು" ಎಂದು ಚುಚ್ಚುವಾಗ ನನಗೆ ಸಿಟ್ಟು ಬರುತ್ತದೆ.

ಆಚೆ ದಡದ ಆ ಹುಡುಗ ಕಾಲೇಜಿಗೆ ಹೋದ. ರಜೆಯಲ್ಲಿ ಊರಿನ ಹೊನಲು ಬೆಳಕಿನ ಕಬಡ್ಡಿಗೆ ಇಳಿಯುತ್ತಾನೆ. ಅಕಾಡೆಮಿಯವರು ಡಿಗ್ರಿ ಸೇರಿದ ಮೇಲೆ ಮತ್ತೆ ಬಾ ಎಂದಿದ್ದಾರೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಈ ಲೆಕ್ಕವೇ ಬೇರೆ. ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ ಶಾಲೆಯಲ್ಲಿ ವಾಲಿಬಾಲ್, ಗುಂಡು ಎಸೆತ ಆಡಿಕೊಂಡಿದ್ದು, ಕಬಡ್ಡಿಗೆ ಬಂದು, 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 2014ರಲ್ಲಿ ಅರ್ಜುನ ಪ್ರಶಸ್ತಿಯೂ ಬಂತು. ಅವರ ಕೈ ಹಿಡಿದದ್ದು ರೈಲ್ವೆಯ ಕೆಲಸ. ಗಂಡುಮಕ್ಕಳಿಗೆ ಸಿಗುವಂಥ ಹರಾಜು, ಅಕಾಡೆಮಿ ಕರೆ ನಮ್ಮ ಹುಡುಗಿಯರಿಗೆ ಇನ್ನೂ ಇಲ್ಲ. ಅವರ ಮುಂದಿರುವ ಪ್ರಶ್ನೆ ಎಷ್ಟೋ ಸಲ ಆಡುವುದೋ ಬಿಡುವುದೋ ಎನ್ನುವುದೇ. ಕಳೆದ ಸಲ ಒಬ್ಬ ತಾಯಿ, "ಹಾಸ್ಟೆಲಲ್ಲಿ ವಾರ್ಡನ್ ಹೆಂಗಸರಾ ಸಾರ್, ಕೋಚೂ ಹೆಂಗಸರಾ?" ಎಂದು ಕೇಳಿದರು. ಹುಡುಗಿಯರಿಗಾಗಿ ಫೋನು ಮಾಡುವಾಗ ನಾನು ಈಗ ಮೊದಲು ಕೇಳುವುದು ಅದನ್ನೇ. ಎರಡಕ್ಕೂ ಹೌದು ಎಂದ ಕಾಲೇಜುಗಳ ಪಟ್ಟಿಯೊಂದನ್ನು ಮಾಡುತ್ತಿದ್ದೇನೆ. ಮೂರೂ ತಾಲ್ಲೂಕಿನ ಶಿಕ್ಷಕರು ತಮಗೆ ತಿಳಿದ ಹೆಸರು ಸೇರಿಸಿದರೆ ಮುಂದಿನ ಜೂನಿನೊಳಗೆ ಅದು ಪ್ರತಿ ಪ್ರೌಢಶಾಲೆಗೂ ತಲುಪುತ್ತದೆ.